ಯುದ್ಧವಿಮಾನಗಳ ಪಾಲನೆ ಮತ್ತು ಪರಿಶೀಲನೆ: ಕರ್ನಾಟಕದ ಸೈನಿಕ ಇತಿಹಾಸದ ಒಂದು ಅಲಕ್ಷಿತ ಅಧ್ಯಾಯ

ಬಳ್ಳಾರಿಯ ಕೋಟೆಯನ್ನು ಕುರಿತು ಒಂದು ಐತಿಹ್ಯ ಪ್ರಚಲಿತವಾಗಿದೆ. ಹೈದರಾಲಿಯು ಫ್ರೆಂಚ್ ಇಂಜಿನಿಯರೊಬ್ಬನಿಂದ ಕೋಟೆಯನ್ನು ಬಲಪಡಿಸಿದನು. ಎದುರಿನ ಕುಂಬಾರಗುಡ್ಡವು ಕೋಟೆಗಿಂತ ಎತ್ತರವಾಗಿದೆಯೆಂಬುದು ತಡವಾಗಿ ತಿಳಿದುಬಂದಾಗ ಆ ಇಂಜಿನಿಯರನನ್ನು ಗಲ್ಲಿಗೇರಿಸಿದನು ಎಂಬುದೇ ಆ ಕಥೆ. ಇದರ ಸತ್ಯಾಸತ್ಯತೆ ಏನೇ ಇರಲಿ, ಕೋಟೆಯನ್ನು ಬಲಪಡಿಸಿದ ಅರಸನ ಹೆಸರು ಉಳಿದಿದೆ. ಕೆಲಸ ಮಾಡಿದ ತಂತ್ರಜ್ಞನಾದರೋ ತಪ್ಪಿನ ಕಾರಣದಿಂದ ಮಾತ್ರ, ಅದೂ ಹೆಸರಿಲ್ಲದೆ, ಜನರ ನೆನಪಿನಲ್ಲಿದ್ದಾನೆ. ಕುರುಗೋಡಿನ ಗಿರಿದುರ್ಗ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಕೋಟೆಗಳನ್ನು ಅಭ್ಯಸಿಸುವಾಗಲೂ ನಾವು ಆಳಿದವರನ್ನು, ಕಾದಿದವರನ್ನು ಅರಸುತ್ತೇವೆಯೇ ಹೊರತು ಗೋಡೆಯ ಬಿರುಕು ಮುಚ್ಚಿದವರನ್ನು, ಆಯುಧಕ್ಕೆ ಸಾಣೆ ಹಿಡಿದವರನ್ನು ಅರಸುವುದಿಲ್ಲ.

ಈ ಅಲಕ್ಷ್ಯವು ಇಪ್ಪತ್ತನೆಯ ಶತಮಾನದ ಇತಿಹಾಸ ರಚನೆಯಲ್ಲೂ ಮುಂದುವರಿದಿದೆ. ಕರ್ನಾಟಕದ ವಿಮಾನೋದ್ಯಮದ ಚರಿತ್ರೆಯನ್ನು ಸಾಮಾನ್ಯವಾಗಿ ವಿಮಾನ ತಯಾರಿಕೆಯ ಚರಿತ್ರೆಯೆಂದೇ ಬರೆಯಲಾಗಿದೆ. ಆದರೆ ಅದರ ಮೊದಲ ದಶಕವನ್ನು ಪರಿಶೀಲಿಸಿದರೆ, ಈ ಉದ್ಯಮವನ್ನು ಬೆಳೆಸಿದ್ದು ಬಹುಮಟ್ಟಿಗೆ ದುರಸ್ತಿಯ ಕೆಲಸವೇ ಎಂಬುದು ಸ್ಪಷ್ಟವಾಗುತ್ತದೆ. ಈ ಅಂಶವನ್ನು ವಿವೇಚಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಸಿಬ್ಬಂದಿ ಮತ್ತು ಪರಿಶೀಲನಾ ಕ್ರಮ

ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಆರಂಭವಾಯಿತು. ಆಗ ಇದ್ದುದು ನಾಲ್ಕು ವಾಪಿಟಿ ವಿಮಾನಗಳು. ಬೆರಳೆಣಿಕೆಯ ಅಧಿಕಾರಿಗಳ ಜೊತೆಗೆ 19 ಮಂದಿ ‘ಹವಾಯಿ ಸಿಪಾಯಿ’ಗಳಿದ್ದರು. ಹಾರುವವರಿಗಿಂತ ನೆಲದ ಮೇಲೆ ದುಡಿಯುವವರ ಸಂಖ್ಯೆ ಹೆಚ್ಚಾಗಿರುವುದು ವಾಯುಪಡೆಯ ಹುಟ್ಟುಗುಣವೆಂದೇ ಹೇಳಬಹುದು.

ಈ ಸಿಬ್ಬಂದಿಯ ಕೆಲಸವು ಬ್ರಿಟಿಷ್ ವಾಯುಪಡೆಯಿಂದ ಬಂದ ಕ್ರಮವನ್ನು ಅನುಸರಿಸುತ್ತಿತ್ತು. ಇಂಜಿನ್ ನೋಡಿಕೊಳ್ಳುವವನು ಫಿಟ್ಟರ್; ರೆಕ್ಕೆ, ಬಾಲ, ನಿಯಂತ್ರಣ ತಂತಿಗಳನ್ನು ನೋಡಿಕೊಳ್ಳುವವನು ರಿಗ್ಗರ್; ಇವರಲ್ಲದೆ ಆಯುಧ, ವಿದ್ಯುತ್ತು, ರೇಡಿಯೊ, ಮಾಪಕ ಉಪಕರಣಗಳಿಗೆ ಬೇರೆಬೇರೆ ಕುಶಲಕರ್ಮಿಗಳಿದ್ದರು. ಪ್ರತಿದಿನದ ತಪಾಸಣೆ, ಎರಡು ಹಾರಾಟಗಳ ನಡುವಿನ ತಪಾಸಣೆ, ನಿಗದಿತ ಗಂಟೆಗಳ ಹಾರಾಟ ಮುಗಿದ ಮೇಲೆ ಕಿರಿಯ ಹಾಗೂ ಹಿರಿಯ ತಪಾಸಣೆ ಎಂದು ಹಂತಗಳಿದ್ದವು. ‘ಫಾರಂ 700’ ಎಂಬ ದಾಖಲೆಯಲ್ಲಿ ಪ್ರತಿಯೊಬ್ಬ ಕುಶಲಕರ್ಮಿಯೂ ತನ್ನ ಕೆಲಸಕ್ಕೆ ಸಹಿ ಹಾಕಬೇಕಿತ್ತು. ಕೊನೆಯಲ್ಲಿ ಪೈಲಟ್ ಸಹಿ ಮಾಡಿ ವಿಮಾನವನ್ನು ವಹಿಸಿಕೊಳ್ಳುತ್ತಿದ್ದನು. ಒಂದು ಪ್ರಾಣ ಇನ್ನೊಬ್ಬನ ಸಹಿಯನ್ನು ನಂಬಿ ಆಕಾಶಕ್ಕೇರುವ ಈ ವ್ಯವಸ್ಥೆಯಲ್ಲಿ ಹೊಣೆಗಾರಿಕೆಯು ದರ್ಜೆಗೆ ಅನುಗುಣವಾಗಿ ಅಲ್ಲ, ಕೆಲಸಕ್ಕೆ ಅನುಗುಣವಾಗಿ ಹಂಚಿಕೆಯಾಗಿದ್ದುದು ಗಮನಾರ್ಹ.

ಬೆಂಗಳೂರಿನ ಕಾರ್ಖಾನೆ

1940ರ ಡಿಸೆಂಬರ್ 23ರಂದು ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ಸುಮಾರು 700 ಎಕರೆ ಭೂಮಿ ದೊರೆಯಿತು. 1941ರಲ್ಲೇ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಾಡಿತು. ಆದರೆ ಆ ವರ್ಷದ ಕೊನೆಯಲ್ಲಿ ಜಪಾನ್ ಯುದ್ಧಕ್ಕಿಳಿದು, 1942ರಲ್ಲಿ ಬರ್ಮಾ ಅದರ ವಶವಾದಾಗ ಪರಿಸ್ಥಿತಿ ಬದಲಾಯಿತು. ಹೊಸ ವಿಮಾನ ಕಟ್ಟುವುದಕ್ಕಿಂತ ರಣಭೂಮಿಯಿಂದ ಬಂದ ವಿಮಾನವನ್ನು ಬೇಗ ಹಿಂದಿರುಗಿಸುವುದು ತುರ್ತಿನ ಕೆಲಸವಾಯಿತು. 1942ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ಉಸ್ತುವಾರಿಗೆ ಬಂದು, 84ನೆಯ ಏರ್ ಡಿಪೋ ಎನಿಸಿತು.

ಇಲ್ಲಿ ಕ್ಯಾಟಲಿನಾ, ಡಕೋಟ, ಮಿಚೆಲ್ ಮುಂತಾದ ವಿಮಾನಗಳೂ ಅವುಗಳ ಇಂಜಿನ್‌ಗಳೂ ಸಂಪೂರ್ಣ ದುರಸ್ತಿಯಾದವು. ನೀರಿನ ಮೇಲಿಳಿಯುವ ಕ್ಯಾಟಲಿನಾಗಳಿಗೆ ಸಮೀಪದ ಬೆಳ್ಳಂದೂರು ಕೆರೆಯೇ ನಿಲ್ದಾಣವಾಯಿತು. ಓವರ್‌ಹಾಲ್ ಎಂದರೆ ಇಂಜಿನನ್ನು ಪೂರ್ಣವಾಗಿ ಬಿಚ್ಚಿ, ತೊಳೆದು, ಪ್ರತಿ ಭಾಗದ ಸವೆತವನ್ನು ಅಳೆದು, ಬಿರುಕುಗಳಿಗಾಗಿ ಪರೀಕ್ಷಿಸಿ, ಕೆಟ್ಟುದನ್ನು ಬದಲಿಸಿ, ಮರುಜೋಡಿಸಿ, ಪರೀಕ್ಷಾ ಕಟ್ಟೆಯ ಮೇಲೆ ಓಡಿಸಿ ನೋಡುವುದು. ಈ ಶಿಸ್ತಿನಲ್ಲಿ ಪಳಗಿದ ಸ್ಥಳೀಯ ಕೆಲಸಗಾರರ ಪಡೆಯೇ ಯುದ್ಧಕಾಲವು ಬೆಂಗಳೂರಿಗೆ ಬಿಟ್ಟುಹೋದ ನಿಜವಾದ ಬಂಡವಾಳ.

ಪರಿಶೀಲನೆಯ ಮಹತ್ವಕ್ಕೆ ಮಸ್ಕಿಟೊ ವಿಮಾನದ ಪ್ರಸಂಗ ಉತ್ತಮ ನಿದರ್ಶನ. ಮರದ ಹಲಗೆಗಳನ್ನು ಅಂಟಿನಿಂದ ಜೋಡಿಸಿ ಕಟ್ಟಿದ ಈ ವಿಮಾನಕ್ಕೆ ಪೈಲಟ್‌ಗಳನ್ನು ಸಿದ್ಧಗೊಳಿಸುವ ಬ್ರಿಟಿಷ್ ಘಟಕವೊಂದು 1944ರಲ್ಲಿ ಯಲಹಂಕದಲ್ಲಿ ಸ್ಥಾಪನೆಗೊಂಡಿತು. ಅದೇ ವರ್ಷ ಭಾರತದಲ್ಲಿ ಕೆಲವು ಮಸ್ಕಿಟೊಗಳ ರೆಕ್ಕೆಗಳು ಹಾರಾಟದಲ್ಲೇ ಮುರಿದವು. ನವೆಂಬರ್‌ನಲ್ಲಿ ಇಲ್ಲಿನ ಮಸ್ಕಿಟೊಗಳ ಹಾರಾಟವನ್ನು ನಿಲ್ಲಿಸಿ ತಪಾಸಣೆ ನಡೆಸಲಾಯಿತು. ಮೊದಲು ಉಷ್ಣವಲಯದ ತೇವಾಂಶವೇ ಕಾರಣವೆಂದು ಭಾವಿಸಲಾಗಿತ್ತು; ಅಂಟು ಹಾಕುವಲ್ಲಿನ ತಯಾರಿಕಾ ದೋಷಗಳೂ ಕಾರಣವೆಂದು ತನಿಖೆಯಿಂದ ತಿಳಿದುಬಂದಿತು. ನಮ್ಮ ಹವೆಯ ಮೇಲೆ ಹೊರಿಸಿದ್ದ ಆರೋಪವನ್ನು ತಗ್ಗಿಸಿದ್ದು ಕೂಲಂಕಷ ಪರಿಶೀಲನೆಯೇ.

ಲಿಬರೇಟರ್‌ಗಳ ಪುನರುಜ್ಜೀವನ

ಯುದ್ಧ ಮುಗಿದ ಮೇಲೆ, ಲೆಂಡ್-ಲೀಸ್ ಒಪ್ಪಂದದಡಿ ಬಂದ ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಉದ್ದೇಶಪೂರ್ವಕವಾಗಿ ಕೆಡಿಸಿ ಬಿಡಲಾಗಿತ್ತು. ಸ್ವಾತಂತ್ರ್ಯಾನಂತರ ಭಾರತದ ಬಳಿ ಭಾರಿ ಬಾಂಬರ್‌ಗಳಿರಲಿಲ್ಲ. ಈ ಗುಜರಿಯಿಂದ ವಿಮಾನಗಳನ್ನು ಮತ್ತೆ ಎಬ್ಬಿಸುವ ಹೊಣೆಯನ್ನು ಹಿಂದೂಸ್ತಾನ್ ಏರ್‌ಕ್ರಾಫ್ಟ್ ವಹಿಸಿಕೊಂಡಿತು. ಅದರ ತಂತ್ರಜ್ಞರು ಕಾನ್ಪುರದಲ್ಲಿಯೇ ಅವುಗಳನ್ನು ಒಂದು ಬಾರಿ ಹಾರುವಷ್ಟು ಮಾತ್ರ ಸರಿಪಡಿಸುತ್ತಿದ್ದರು. ಸಂಸ್ಥೆಯ ಪರೀಕ್ಷಾರ್ಥ ಪೈಲಟ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿಯಾಯಿತು. 1948ರ ನವೆಂಬರ್‌ನಲ್ಲಿ 5ನೆಯ ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ಆರಂಭವಾಯಿತು. ಹೀಗೆ ಸಿದ್ಧಗೊಂಡ ವಿಮಾನಗಳ ಸಂಖ್ಯೆ 42 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಗುಜರಿಯೆಂದು ಬಿಟ್ಟುಹೋದ ಈ ವಿಮಾನಗಳು 1968ರವರೆಗೆ ಸೇವೆಯಲ್ಲಿದ್ದವು. ಅವುಗಳಲ್ಲೊಂದು ಬಳಿಕ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಸೇರಿತು. ಕೆಡಿಸಿ ಹೋದವರೇ ದುರಸ್ತಿಯಾದ ವಿಮಾನವನ್ನು ಸಂಗ್ರಹಯೋಗ್ಯವೆಂದು ಕೊಂಡೊಯ್ದುದು ಈ ಕಾರ್ಮಿಕರ ಕೌಶಲಕ್ಕೆ ಸಂದ ಗೌರವವೇ ಸರಿ.

ಉಪಸಂಹಾರ

1949ರಲ್ಲಿ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಆರಂಭವಾಗಿ ಅಧಿಕಾರಿಗಳ ತಾಂತ್ರಿಕ ಶಿಕ್ಷಣಕ್ಕೆ ಈ ನೆಲವೇ ಕೇಂದ್ರವಾಯಿತು. ಬೆಳಗಾವಿಯ ಸಾಂಬ್ರಾ ವಾಯುಸೈನಿಕರ ತರಬೇತಿಗೆ ಹೆಸರಾಯಿತು. ಕರ್ನಾಟಕವು ದೇಶದ ವಿಮಾನರಂಗದಲ್ಲಿ ಪಡೆದ ಸ್ಥಾನವು ಕೇವಲ ಬಂಡವಾಳಗಾರರ ಹಾಗೂ ವಿನ್ಯಾಸಕಾರರ ಕೊಡುಗೆಯಲ್ಲ. ಬಿಚ್ಚಿ, ಅಳೆದು, ಜೋಡಿಸಿ, ಸಹಿ ಹಾಕಿದವರ ಕೊಡುಗೆಯೂ ಹೌದು.

ಲಿಬರೇಟರ್‌ಗಳನ್ನು ಹಾರಿಸಿ ತಂದ ಪೈಲಟ್ಟನ ಹೆಸರನ್ನು ಮೇಲೆ ಹೇಳಿದೆ. ಅವುಗಳನ್ನು ಹಾರುವಂತೆ ಮಾಡಿದ ಫಿಟ್ಟರುಗಳಲ್ಲಿ ಒಬ್ಬರ ಹೆಸರನ್ನೂ ಈ ಪ್ರಬಂಧದಲ್ಲಿ ಹೇಳಲಾಗಿಲ್ಲ. ತಪಾಸಣಾ ಹಾಳೆಗಳು, ಇಂಜಿನ್ ಲಾಗ್‌ಪುಸ್ತಕಗಳು, ಹಾಜರಿ ಪಟ್ಟಿಗಳನ್ನು ಶಾಸನ, ಕಡತಗಳಷ್ಟೇ ಗೌರವದಿಂದ ಸಂಗ್ರಹಿಸಿ ಓದಬೇಕಾಗಿದೆ. ಹಳೆಯ ಕಾರ್ಮಿಕ ಕುಟುಂಬಗಳ ಮೌಖಿಕ ನೆನಪುಗಳನ್ನೂ ದಾಖಲಿಸಬೇಕಾಗಿದೆ. ಇಲ್ಲವಾದರೆ ಬಳ್ಳಾರಿ ಕೋಟೆಯ ಇಂಜಿನಿಯರನಂತೆ, ಇವರೂ ತಪ್ಪಿದಾಗ ಮಾತ್ರ ನೆನಪಾಗುವವರಾಗಿ ಉಳಿಯುತ್ತಾರೆ.