ನಡುವಿನ ಒಂದು ರಾತ್ರಿ
1988ರ ಮೇ 5ರಂದು ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ ರೋಮಿನೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಹಿಂದೆ ಸರಿದರು. ನನ್ನನ್ನು ಕಾಡುವುದು ನಡುವಿನ ಆ ರಾತ್ರಿ. ಮೊಂಡುತನ ಎಂದುಬಿಡುವುದು ಸುಲಭ. ಆದರೆ ಅವರಿಗಾಗ 82 ವರ್ಷ. ತಾವು ತೀರಿಕೊಂಡರೆ ಹಳೆಯ ಲ್ಯಾಟಿನ್ ಪೂಜೆಯ ಪಾದ್ರಿಗಳಿಗೆ ದೀಕ್ಷೆ ಕೊಡುವವರು ಯಾರು? ಒಪ್ಪಂದದಲ್ಲಿ ಒಬ್ಬ ಬಿಷಪ್ಪರ ಮಾತಿತ್ತು, ದಿನಾಂಕವಿರಲಿಲ್ಲ.

ಜೂನ್ 30ರಂದು ಸ್ವಿಟ್ಜರ್ಲೆಂಡಿನ ಎಕೋನ್‌ನಲ್ಲಿ, ಪೋಪರ ಅಪ್ಪಣೆಯಿಲ್ಲದೆ, ನಾಲ್ವರಿಗೆ ಬಿಷಪ್ ದೀಕ್ಷೆ ಕೊಟ್ಟರು. ಶಿಕ್ಷೆಗೆ ವಿಚಾರಣೆ ಬೇಕಿರಲಿಲ್ಲ. ಆಗಿನ ಚರ್ಚ್ ಕಾನೂನಿನ 1382ನೇ ಕಲಮಿನಂತೆ ಕೊಟ್ಟವರಿಗೂ ಪಡೆದವರಿಗೂ ತಾನಾಗಿಯೇ ಬಹಿಷ್ಕಾರ. ವಿಚಿತ್ರವೆಂದರೆ, ಇಂಥ ದೀಕ್ಷೆ ಅಕ್ರಮ, ಅಸಿಂಧುವಲ್ಲ. ಹೊರಹಾಕಿದ ಮೇಲೂ ಅವರು ಬಿಷಪ್ಪರೇ ಎಂದು ರೋಮ್ ಒಪ್ಪುತ್ತಿತ್ತು.

2009ರಲ್ಲಿ 16ನೇ ಬೆನೆಡಿಕ್ಟ್ ಆ ನಾಲ್ವರ ಬಹಿಷ್ಕಾರವನ್ನು ತೆಗೆದರು. ಮೇ 5ರ ಕಾಗದಕ್ಕೆ ರೋಮಿನ ಪರವಾಗಿ ಸಹಿ ಹಾಕಿದ್ದ ಕಾರ್ಡಿನಲ್ ರಾಟ್ಸಿಂಗರ್ ಇವರೇ. ಲೆಫೆವ್ರ್ 1991ರಲ್ಲೇ, ಬಹಿಷ್ಕೃತರಾಗಿಯೇ ತೀರಿಕೊಂಡಿದ್ದರು.