ಸನ್ನಿಗೆ ಒಂದು ನಂಬರ್ ಸಿಕ್ಕ ಕತೆ

2021ರ ಮೇ. ಬಸವನಗುಡಿಯ ಮನೆಯಲ್ಲಿ ಕೋವಿಡ್ ಜ್ವರದಿಂದ ಮಲಗಿದ್ದ ನಮ್ಮಜ್ಜಿ ನನ್ನನ್ನು ತಾತನ ಹೆಸರು ಹಿಡಿದು ಕರೆದರು. ಜೀವಮಾನದಲ್ಲಿ ಒಮ್ಮೆಯೂ ಅವರ ಬಾಯಲ್ಲಿ ಬರದಿದ್ದ ಹೆಸರು ಅದು. "ವಯಸ್ಸಾಯ್ತಲ್ಲ, ಜ್ವರ ತಲೆಗೇರಿದೆ" ಅಂದರು ಪಕ್ಕದ ಮನೆಯವರು. ಆಕ್ಸಿಜನ್ 96 ಇತ್ತು, ನಾವೂ ಸುಮ್ಮನಿದ್ದೆವು. ಮಾರನೇ ದಿನ ರಕ್ತಪರೀಕ್ಷೆಯಲ್ಲಿ ಸೋಡಿಯಂ 119. ಇರಬೇಕಾದ್ದು 135ರಿಂದ 145.

ಜ್ವರದಲ್ಲಿ ಹೀಗೆ ಬಡಬಡಿಸೋದಕ್ಕೆ ನಮ್ಮಲ್ಲಿ ಹಳೇ ಹೆಸರೇ ಇದೆ: ಸನ್ನಿ. 1898ರ ಪ್ಲೇಗಿನ ಹೊತ್ತಿಗೆ ಗಾಳಿ-ಬೆಳಕು ಇರಲಿ ಅಂತ ಹುಟ್ಟಿದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. 1918ರಲ್ಲಿ ಇನ್‌ಫ್ಲುಯೆಂಜಾ ಊರಿಗೆ ಬಂದಾಗ ಚಾಮರಾಜಪೇಟೆಯ ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆಯೂ ಇತ್ತು. ಆದರೆ ರೋಗಿಯ ರಕ್ತದಲ್ಲಿ ಸೋಡಿಯಂ ಅಳೆಯೋದು ಆಗ ಎಲ್ಲೂ ದಿನನಿತ್ಯದ ಕೆಲಸವಾಗಿರಲಿಲ್ಲ. ಸನ್ನಿ ಸನ್ನಿಯಾಗೇ ಉಳಿಯಿತು.

1940ರ ದಶಕದಲ್ಲಿ ಫ್ಲೇಮ್ ಫೋಟೋಮೀಟರ್ ಬಂತು. ಗ್ಯಾಸ್ ಒಲೆ ಮೇಲೆ ಉಪ್ಪುನೀರು ಉಕ್ಕಿದರೆ ಜ್ವಾಲೆ ಹಳದಿಯಾಗುತ್ತಲ್ಲ, ಅದೇ ತತ್ವ: ಹಳದಿ ಎಷ್ಟು ಅಂತ ಅಳೆದರೆ ಸೋಡಿಯಂ ಎಷ್ಟು ಅಂತ ಗೊತ್ತಾಗುತ್ತೆ. 1957ರಲ್ಲಿ ಅಮೆರಿಕದ ಷ್ವಾರ್ಟ್ಜ್, ಬಾರ್ಟರ್ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರಲ್ಲಿ ಒಂದು ವಿಚಿತ್ರ ಕಂಡರು. ನೀರು ಹಿಡಿದಿಡುವ ಹಾರ್ಮೋನ್ ಬೇಡದಿದ್ದಾಗಲೂ ಕೆಲಸ ಮಾಡ್ತಿತ್ತು. ನೀರು ಹೆಚ್ಚಾಗಿ ರಕ್ತದ ಸೋಡಿಯಂ ತೆಳುವಾಗ್ತಿತ್ತು. ನ್ಯುಮೋನಿಯಾದಲ್ಲೂ ಹೀಗಾಗಬಹುದು ಅಂತ ಮುಂದೆ ತಿಳಿಯಿತು.

ಕೋವಿಡ್ ಬಂದಾಗ ಲಂಡನ್ನಿನಲ್ಲಿ ಆಸ್ಪತ್ರೆ ಸೇರಿದ 488 ಜನರನ್ನು ನೋಡಿದರು. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಸೋಡಿಯಂ ಕಡಿಮೆ ಇತ್ತು. ಆದರೆ ಅವರಲ್ಲಿ ಹೆಚ್ಚಿನವರಿಗೆ ಕಾರಣ ನೀರು ಜಾಸ್ತಿಯಾದದ್ದಲ್ಲ, ದೇಹ ಬತ್ತಿದ್ದು. ಆಸ್ಪತ್ರೆಯಲ್ಲಿ ಸೋಡಿಯಂ 145 ದಾಟಿದವರಲ್ಲಂತೂ ಸಾವು ಹೆಚ್ಚಿತ್ತು.

ಅಂದರೆ ನಂಬರ್ ಒಂದೇ ಆದರೂ ಚಿಕಿತ್ಸೆ ತದ್ವಿರುದ್ಧ. ಒಬ್ಬರಿಗೆ ನೀರು ಕಡಿಮೆ ಮಾಡಬೇಕು, ಇನ್ನೊಬ್ಬರಿಗೆ ಸಲೈನ್ ಏರಿಸಬೇಕು. ಅವಸರದಲ್ಲಿ ಸರಿಮಾಡಲು ಹೋದರೆ ಮಿದುಳಿಗೇ ಪೆಟ್ಟು. ಮಜ್ಜಿಗೆಗೆ ಎರಡು ಚಮಚ ಉಪ್ಪು ಕಲಸಿ ಕುಡಿಸಿದರೆ ಮುಗೀತು ಅನ್ನೋ ಹಾಗಿಲ್ಲ.

ನಮ್ಮಜ್ಜಿಗೆ ಆಗಿದ್ದು, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯ ಜೊತೆ ನಾಲ್ಕು ದಿನ ಊಟ ಸೇರದಿದ್ದುದು. ನಿಧಾನವಾಗಿ ಸರಿಹೋದರು. ಮನೆಗೆ ಬಂದ ಮೇಲೆ ತಾತ ಮತ್ತೆ "ನಮ್ಮನೆಯವರು" ಆದರು.

ಎಲ್ಲ ಸನ್ನಿಗೂ ಸೋಡಿಯಂ ಕಾರಣವಲ್ಲ. ಆದರೂ ಹಿರಿಯರು ಜ್ವರದಲ್ಲಿ ತಬ್ಬಿಬ್ಬಾದರೆ ವಯಸ್ಸಿನ ಮೇಲೆ ಹಾಕಿ ಕೂರಬೇಡಿ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರು ನುಂಗುತ್ತಿರುವ ಮಾತ್ರೆಗಳನ್ನೂ ಜೊತೆಗೆ ತೋರಿಸಿ. ನಾವು ಒಂದು ದಿನ ತಡಮಾಡಿದ್ದೆವು.