ಕಾರ್ಡಿನ ಹಿಂಬದಿ ಓದಿದವರು

2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಂದು ಬೇಸ್‌ಬಾಲ್ ಕಾರ್ಡು 1.26 ಕೋಟಿ ಡಾಲರಿಗೆ ಹರಾಜಾಯಿತು. ಟಾಪ್ಸ್ ಎಂಬ ಚ್ಯೂಯಿಂಗ್ ಗಮ್ ಕಂಪನಿ 1952ರಲ್ಲಿ ಹೊರತಂದ, ಆಟಗಾರ ಮಿಕಿ ಮ್ಯಾಂಟಲ್‌ನ ಚಿತ್ರವಿದ್ದ ಕಾರ್ಡು ಅದು. ಆ ಸರಣಿಯಲ್ಲಿ ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ಹೇರಿಕೊಂಡು ಹೋಗಿ ಅಟ್ಲಾಂಟಿಕ್ ಸಾಗರಕ್ಕೆ ಸುರಿದೆವು ಎಂದು ಅದನ್ನು ರೂಪಿಸಿದ ಸೈ ಬರ್ಗರ್ ಹೇಳುತ್ತಿದ್ದರು. ಇಂಥ ಬೆಲೆಗಳು ಜಗತ್ತಿನ ಎಲ್ಲ ಪತ್ರಿಕೆಗಳಲ್ಲೂ ಸುದ್ದಿಯಾಗುತ್ತವೆ. ಆದರೆ ಒಂದು ಹಳೆಯ ಕಾರ್ಡು ಯಾವ ವರ್ಷದ್ದು, ಯಾವ ಸರಣಿಗೆ ಸೇರಿದ್ದು, ಅಚ್ಚು ಹಾಕಿದವರು ಯಾರು, ಅಂಚು ಕತ್ತರಿಸಿದ್ದೋ ಮೂಲದ್ದೋ ಎಂಬುದನ್ನೆಲ್ಲ ಹುಡುಕಿ ತೆಗೆದವರ ಹೆಸರು ಮಾತ್ರ ಎಲ್ಲೂ ಕಾಣುವುದಿಲ್ಲ. ಇವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ಬೇರೆ ಕೆಲಸದ ಬಿಡುವಿನಲ್ಲಿ ದುಡಿದವರು. ಈ ಕ್ಷೇತ್ರಕ್ಕೆ ತಳಪಾಯ ಹಾಕಿದ್ದು ದುಡ್ಡಲ್ಲ, ಇವರ ತಾಳ್ಮೆ.

ಕಥೆ ಜೆಫರ್ಸನ್ ಬರ್ಡಿಕ್‌ನಿಂದಲೇ ಶುರುವಾಗಬೇಕು. 1900ರಲ್ಲಿ ಹುಟ್ಟಿದ ಈತ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದಲ್ಲಿ ಕ್ರೌಸ್-ಹೈಂಡ್ಸ್ ಎಂಬ ವಿದ್ಯುತ್ ಉಪಕರಣ ಕಾರ್ಖಾನೆಯ ಕೆಲಸಗಾರ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಮದುವೆಯಿಲ್ಲ, ಮಕ್ಕಳಿಲ್ಲ. ಬೇಸ್‌ಬಾಲ್ ಹುಚ್ಚೂ ಇರಲಿಲ್ಲವಂತೆ; ಒಂದು ಪಂದ್ಯವನ್ನಾದರೂ ನೋಡಿದವನಲ್ಲ ಎಂಬ ಮಾತಿದೆ. ಅವನ ಆಸಕ್ತಿಯೆಲ್ಲ ಕಾಗದದ ಮೇಲೆ: ಸಿಗರೇಟು ಪ್ಯಾಕಿನಲ್ಲಿ ಬಂದ ಚೀಟಿ, ಮಿಠಾಯಿಯ ಜೊತೆ ಕೊಟ್ಟ ಚಿತ್ರ, ಅಂಚೆ ಕಾರ್ಡು, ಶುಭಾಶಯ ಪತ್ರ, ಹೀಗೆ ಜನ ನೋಡಿ ಎಸೆಯುವಂಥವೆಲ್ಲ ಅವನಿಗೆ ಬೇಕಿತ್ತು. 1937ರಲ್ಲಿ ಸಂಗ್ರಾಹಕರಿಗಾಗಿ ಒಂದು ಪುಟ್ಟ ಪತ್ರಿಕೆ ಶುರುಮಾಡಿದ. 1939ರಲ್ಲಿ ಕ್ಯಾಟಲಾಗು ತಂದ. ಅದೇ ಮುಂದೆ ‘ಅಮೆರಿಕನ್ ಕಾರ್ಡ್ ಕ್ಯಾಟಲಾಗ್’ ಆಗಿ ಬೆಳೆದು 1960ರವರೆಗೂ ಪರಿಷ್ಕರಣೆ ಕಂಡಿತು.

ಅದಕ್ಕೂ ಮೊದಲು ಇಬ್ಬರು ಸಂಗ್ರಾಹಕರು ಪತ್ರ ಬರೆದುಕೊಂಡರೆ ತಾವು ಯಾವ ಕಾರ್ಡಿನ ಬಗ್ಗೆ ಮಾತಾಡುತ್ತಿದ್ದೇವೆಂದು ತಿಳಿಸುವುದೇ ಕಷ್ಟವಾಗಿತ್ತು. ಬರ್ಡಿಕ್ ಪ್ರತಿ ಸರಣಿಗೂ ಒಂದು ಅಕ್ಷರ, ಒಂದು ಸಂಖ್ಯೆ ಕೊಟ್ಟ. ಹತ್ತೊಂಬತ್ತನೇ ಶತಮಾನದ ತಂಬಾಕು ಕಾರ್ಡಿಗೆ ‘ಎನ್’, ಇಪ್ಪತ್ತನೆಯದಕ್ಕೆ ‘ಟಿ’, ಹಳೆಯ ಮಿಠಾಯಿ ಕಾರ್ಡಿಗೆ ‘ಇ’, 1930ರ ನಂತರದ ಗಮ್ ಕಾರ್ಡಿಗೆ ‘ಆರ್’, ಪತ್ರಿಕೆಗಳು ಕೊಟ್ಟದ್ದಕ್ಕೆ ‘ಎಂ’. ಇಂದು ಲಕ್ಷಗಟ್ಟಲೆ ಡಾಲರಿನ ಹರಾಜಿನಲ್ಲಿ ‘ಟಿ206’ ಎಂದು ಕೂಗುವವರೆಲ್ಲ ಬಳಸುತ್ತಿರುವುದು ಈ ಕಾರ್ಖಾನೆ ಕೆಲಸಗಾರ ಹಾಕಿಕೊಟ್ಟ ಲೆಕ್ಕವನ್ನೇ.

1947ರಲ್ಲಿ ಬರ್ಡಿಕ್ ತನ್ನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಡತೊಡಗಿದ. ಅಚ್ಚುಚಿತ್ರ ವಿಭಾಗದ ಮುಖ್ಯಸ್ಥ ಹಯಾಟ್ ಮೇಯರ್ ಒಪ್ಪಿಕೊಂಡರು. ಆದರೆ ಜೋಡಿಸಿ ಪಟ್ಟಿ ಮಾಡುವ ಕೆಲಸ ಕೊಟ್ಟವನದೇ. ಮೂರು ಲಕ್ಷಕ್ಕೂ ಹೆಚ್ಚು ಕಾಗದಗಳು, ಅವುಗಳಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೂ ಮಿಗಿಲು. ಸೊಟ್ಟ ಬೆರಳುಗಳಲ್ಲೇ ಒಂದೊಂದನ್ನೂ ಆಲ್ಬಂಗೆ ಅಂಟಿಸಿದ. ಅಂಟಿಸಿದ್ದನ್ನು ಕೇಳಿದರೆ ಇಂದಿನ ಸಂಗ್ರಾಹಕರು ಹಣೆ ಚಚ್ಚಿಕೊಳ್ಳುತ್ತಾರೆ. ಅಂಟು ತಾಗಿದ ಕಾರ್ಡಿಗೆ ಈಗ ಮಾರುಕಟ್ಟೆಯಲ್ಲಿ ಕಿಮ್ಮತ್ತು ಕಡಿಮೆ. ಬರ್ಡಿಕ್ ಮಾರುಕಟ್ಟೆಯ ಮನುಷ್ಯನೇ ಅಲ್ಲ. 1963ರ ಜನವರಿ 10ರಂದು ಕೊನೆಯ ಕಾರ್ಡು ಅಂಟಿಸಿ ಮುಗಿಸಿ, ಇನ್ನು ಬರುವುದಿಲ್ಲವೆಂದು ಹೇಳಿ ಹೊರಟ. ಮರುದಿನ ಆಸ್ಪತ್ರೆ ಸೇರಿದ, ಎರಡು ತಿಂಗಳಲ್ಲಿ ತೀರಿಕೊಂಡ.

ಅವನ ನಂತರ ಈ ವಿದ್ಯೆ ಎರಡು ದಾರಿ ಹಿಡಿಯಿತು. ಒಂದು ಬೆಲೆಯ ದಾರಿ. ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಬೆಕೆಟ್ 1979ರಲ್ಲಿ ಡೆನಿಸ್ ಎಕ್ಸ್ ಜೊತೆ ಬೆಲೆ ಕೈಪಿಡಿ ತಂದ, 1984ರಲ್ಲಿ ಮಾಸಪತ್ರಿಕೆ ಶುರುಮಾಡಿದ. ಹುಡುಗರೆಲ್ಲ ಕಾರ್ಡಿನ ಮುಖ ನೋಡುವ ಮೊದಲು ಬೆಲೆ ನೋಡತೊಡಗಿದರು. ಇನ್ನೊಂದು ಹುಡುಕಾಟದ ದಾರಿ. ಲ್ಯೂ ಲಿಪ್ಸೆಟ್ 1980ರ ದಶಕದಲ್ಲಿ ಮೂರು ಸಂಪುಟಗಳ ವಿಶ್ವಕೋಶ ಬರೆದ. ಬಿಲ್ ಹೈಟ್‌ಮನ್ 1980ರಲ್ಲಿ ಟಿ206 ಸರಣಿಯೊಂದರ ಮೇಲೆಯೇ ‘ದ ಮಾನ್‌ಸ್ಟರ್’ ಎಂಬ ಪುಸ್ತಕ ತಂದ. ಆ ಸರಣಿಗೆ ‘ರಾಕ್ಷಸ’ ಎಂಬ ಅಡ್ಡಹೆಸರು ಇಂದಿಗೂ ಅಂಟಿಕೊಂಡಿದೆ. ವಿಸ್ಕಾನ್ಸಿನ್‌ನ ಬಾಬ್ ಲೆಮ್ಕೆ ದಪ್ಪನೆಯ ಕ್ಯಾಟಲಾಗನ್ನು ವರ್ಷವರ್ಷ ತಿದ್ದುತ್ತ, ಓದುಗರು ಕಳಿಸಿದ ಸಾಕ್ಷ್ಯವನ್ನು ಪರಿಶೀಲಿಸಿ ಸೇರಿಸುತ್ತ ಬಂದ. ನನ್ನ ಮಟ್ಟಿಗೆ ಬೆಕೆಟ್ ಈ ಹವ್ಯಾಸವನ್ನು ದೊಡ್ಡದು ಮಾಡಿದ, ಲಿಪ್ಸೆಟ್ ಮತ್ತು ಲೆಮ್ಕೆ ಅದಕ್ಕೆ ಮರ್ಯಾದೆ ತಂದರು.

ಇವರೆಲ್ಲ ಮಾಡುವುದು ಏನು ಎಂದು ತಿಳಿಯಲು ಟಿ206ಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು, ತಂಬಾಕಿನ ಪ್ಯಾಕಿನಲ್ಲಿಟ್ಟು ಹಂಚಿದ 500ಕ್ಕೂ ಹೆಚ್ಚು ಚಿತ್ರಗಳ ಸರಣಿ ಇದು. ಸುಮಾರು ಒಂದೂವರೆ ಇಂಚು ಅಗಲ, ಎರಡೂವರೆ ಇಂಚಿಗೆ ತುಸು ಹೆಚ್ಚು ಉದ್ದದ ತುಂಡು. ಮುಂಬದಿಯಲ್ಲಿ ಆಟಗಾರ, ಹಿಂಬದಿಯಲ್ಲಿ ಸಿಗರೇಟು ಅಥವಾ ತಂಬಾಕಿನ ಜಾಹೀರಾತು. ಹದಿನಾರು ಬ್ರ್ಯಾಂಡುಗಳು: ಪೀಡ್‌ಮಾಂಟ್, ಸ್ವೀಟ್ ಕಾಪೊರಲ್, ಪೋಲಾರ್ ಬೇರ್, ಟಾಲ್‌ಸ್ಟಾಯ್, ‘ಹಿಂದೂ’ ಕೂಡ. (ಪೂರ್ವದೇಶಗಳ ಹೆಸರಿಟ್ಟರೆ ಹೊಗೆಗೆ ಘಮ ಬರುತ್ತದೆಂದು ಆ ಕಾಲದ ವ್ಯಾಪಾರಿಗಳು ನಂಬಿದ್ದಿರಬೇಕು.) ಕೆಳಗೆ ಸಣ್ಣ ಅಕ್ಷರದಲ್ಲಿ ಕಾರ್ಖಾನೆಯ ಸಂಖ್ಯೆ, ಜಿಲ್ಲೆ, ರಾಜ್ಯ. ಯಾವ ಆಟಗಾರ ಯಾವ ಹಿಂಬದಿಯೊಡನೆ ಸಿಗುತ್ತಾನೆ, ಯಾವುದರೊಡನೆ ಎಂದೂ ಸಿಗುವುದಿಲ್ಲ ಎಂದು ಸಂಶೋಧಕರು ಸಾವಿರಾರು ಕಾರ್ಡುಗಳನ್ನು ತಿರುವಿ ಬರೆದಿಟ್ಟುಕೊಂಡರು. ರೇ ಡೆಮಿಟ್ ಮತ್ತು ಬಿಲ್ ಒಹಾರಾ ಎಂಬಿಬ್ಬರು ನ್ಯೂಯಾರ್ಕ್ ತಂಡಗಳಿಂದ ಸೇಂಟ್ ಲೂಯಿಸ್‌ಗೆ ಹೋದ ಮೇಲೆ ಅವರ ಕಾರ್ಡಿನ ಊರು ಬದಲಾಯಿತು; ಹೀಗೆ ಬದಲಾದ ಕಾರ್ಡು ಪೋಲಾರ್ ಬೇರ್ ಹಿಂಬದಿಯೊಡನೆ ಮಾತ್ರ ಸಿಗುತ್ತದೆ. ಅಷ್ಟರಿಂದಲೇ ಆ ಹಿಂಬದಿಯ ಅಚ್ಚು ಯಾವಾಗ ನಡೆದಿತ್ತೆಂಬ ಸುಳಿವು ಸಿಕ್ಕಿತು. ಸ್ಕಾಟ್ ರೀಡರ್ ‘ಇನ್‌ಸೈಡ್ ಟಿ206’ ಎಂಬ ಕೃತಿಯಲ್ಲಿ ಇಂಥದ್ದನ್ನೆಲ್ಲ ಒಂದೆಡೆ ತಂದ.

ಅಚ್ಚಾದ ಪೂರ್ತಿ ಹಾಳೆ ಒಂದೂ ಉಳಿದಿಲ್ಲ. ಹಾಳೆಯಲ್ಲಿ ಯಾರ ಪಕ್ಕ ಯಾರಿದ್ದರು ಎಂಬುದು ನೂರು ವರ್ಷ ಒಗಟಾಗಿಯೇ ಇತ್ತು. ಕೆಲವರ ಕಣ್ಣಿಗೆ ಪೀಡ್‌ಮಾಂಟ್ ಹಿಂಬದಿಯ ಕೆಲವು ಕಾರ್ಡುಗಳಲ್ಲಿ ಕೂದಲೆಳೆಯಂಥ ಗೀರು ಬಿತ್ತು. ಅದು ಕಾರ್ಡಿಗೆ ಆಮೇಲೆ ಆದ ಗಾಯವಲ್ಲ, ಮುದ್ರಣದ ಫಲಕದ ಮೇಲಿದ್ದ ಗೀರು. ಒಬ್ಬ ಆಟಗಾರನ ಹಿಂಬದಿಯ ಅಂಚಿನಲ್ಲಿ ನಿಂತ ಗೆರೆ ಇನ್ನೊಬ್ಬನ ಹಿಂಬದಿಯ ಅಂಚಿನಿಂದ ಮುಂದುವರಿಯುತ್ತದೆ. ಎರಡನ್ನೂ ಸೇರಿಸಿದರೆ ಅವರಿಬ್ಬರೂ ಹಾಳೆಯಲ್ಲಿ ನೆರೆಹೊರೆ. ಹೀಗೆ ಗೆರೆಗೆ ಗೆರೆ ಕೂಡಿಸುತ್ತ, ಇಲ್ಲದ ಹಾಳೆಯ ಭಾಗಗಳನ್ನು ಮತ್ತೆ ಕಟ್ಟಿದರು. ಇದಕ್ಕೆ ಲಕ್ಷ ಡಾಲರಿನ ಕಾರ್ಡು ಬೇಕಿರಲಿಲ್ಲ. ಮೂಲೆ ಸವೆದ, ಮಡಿಕೆ ಬಿದ್ದ, ಯಾರೂ ಕೇಳದ ಕಾರ್ಡುಗಳೇ ಸಾಕಾದವು.

ಇನ್ನೂ ಹಿಂದಿನ ‘ಓಲ್ಡ್ ಜಡ್ಜ್’ ಕಾರ್ಡುಗಳದು (1886–1890) ಬೇರೆಯೇ ಸೊಗಸು. ಗುಡ್‌ವಿನ್ ಕಂಪನಿಯ ಸಿಗರೇಟಿನ ಜೊತೆ ಬಂದ ಇವು ರಟ್ಟಿಗೆ ಅಂಟಿಸಿದ ನಿಜವಾದ ಫೋಟೊಗಳು. ಕ್ಯಾಮೆರಾ ಮುಂದೆ ಅಲುಗಾಡುವಂತಿರಲಿಲ್ಲವಾದ್ದರಿಂದ ಸ್ಟುಡಿಯೊದಲ್ಲಿ ಚೆಂಡನ್ನು ದಾರದಲ್ಲಿ ತೂಗುಹಾಕುತ್ತಿದ್ದರು. ಕೆಲವು ಚಿತ್ರಗಳಲ್ಲಿ ದಾರ ಕಾಣುತ್ತದೆ, ಆಟಗಾರ ಅದನ್ನು ಹಿಡಿಯುವ ನಟನೆ ಮಾಡುತ್ತಿರುತ್ತಾನೆ. 500ಕ್ಕೂ ಹೆಚ್ಚು ಆಟಗಾರರು, ಒಬ್ಬೊಬ್ಬನಿಗೆ ಹಲವು ಭಂಗಿಗಳು. ಜೇ ಮಿಲ್ಲರ್, ಜೋ ಗೊನ್ಸೌಸ್ಕಿ, ರಿಚರ್ಡ್ ಮ್ಯಾಸನ್ ಮೂವರು ಸೇರಿ 2008ರಲ್ಲಿ ಇವುಗಳ ಪುಸ್ತಕ ತಂದರು.

ಬರ್ಡಿಕ್ ಹೇಳಿದ್ದೆಲ್ಲ ವೇದವಾಕ್ಯವಾಗಿ ಉಳಿಯಲಿಲ್ಲ, ಉಳಿಯಬಾರದು ಕೂಡ. ಬೇಬ್ ರೂತ್‌ನ ಆರಂಭದ ಕಾರ್ಡೊಂದು ‘ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆಯ 1915ರ ಸರಣಿಯದೆಂದು ದಶಕಗಳ ಕಾಲ ಕ್ಯಾಟಲಾಗುಗಳು ಹೇಳುತ್ತಿದ್ದವು. ಹಳೆಯ ದಾಖಲೆ ಕೆದಕಿದವರು ಅದು 1916ರದೆಂದು ತೋರಿಸಿದರು. ಹೊರತಂದವನು ಷಿಕಾಗೊದ ಫೆಲಿಕ್ಸ್ ಮೆಂಡೆಲ್‌ಸನ್, ಪತ್ರಿಕೆ ಅವನ ಹಲವು ಗಿರಾಕಿಗಳಲ್ಲಿ ಒಂದಷ್ಟೇ. ಆದರೂ ಪತ್ರಿಕೆಯದೆಂದು ಬರ್ಡಿಕ್ ಕೊಟ್ಟ ‘ಎಂ101’ ಎಂಬ ಸಂಖ್ಯೆ ಹಾಗೇ ನಡೆಯುತ್ತಿದೆ.

ಬೆಲೆ ಏರಿದಷ್ಟೂ ಸಂಶೋಧಕನಿಗೆ ಪೊಲೀಸಿನ ಕೆಲಸವೂ ಬಂತು. ಟಿ206 ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡುಗಳು 60ರ ಆಸುಪಾಸು ಮಾತ್ರ ಸಿಕ್ಕಿವೆ. ಸಿಗರೇಟಿನ ಜೊತೆ ತನ್ನ ಚಿತ್ರ ಬೇಡವೆಂದು ಆತ ತಡೆದನೆಂಬುದಕ್ಕೆ 1912ರ ಪತ್ರಿಕಾ ವರದಿಯೇ ಇದೆ. ಮಕ್ಕಳ ಹಿತಕ್ಕಾಗಿಯೋ ಹಣ ಸಾಲದೆಂದೋ ಎಂಬ ವಾದ ಮುಗಿದಿಲ್ಲ. ಬರ್ಡಿಕ್ ಈ ಕಾರ್ಡಿಗೆ ಹಾಕಿದ ಬೆಲೆ 50 ಡಾಲರ್. 2022ರಲ್ಲಿ ಒಂದು 72.5 ಲಕ್ಷಕ್ಕೆ ಹೋಯಿತು. ಇವುಗಳಲ್ಲೇ ಅತಿ ಪ್ರಸಿದ್ಧವಾದದ್ದು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರನೊಬ್ಬನ ಜೊತೆ 4,51,000 ಡಾಲರಿಗೆ ಕೊಂಡದ್ದು. ಅದರ ಅಂಚು ಅಷ್ಟು ನೇರವಾಗಿರುವುದು ಹೇಗೆಂದು ಬಲ್ಲವರು ಬಹುಕಾಲ ಗೊಣಗಿದರು. ಮೈಕಲ್ ಓಕೀಫ್ ಮತ್ತು ಟೆರಿ ಥಾಂಪ್ಸನ್ 2007ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಹಿಂದೆ ಆ ಕಾರ್ಡನ್ನು ಮಾರಿದ್ದ ಬಿಲ್ ಮ್ಯಾಸ್ಟ್ರೊ, ಹರಾಜಿನ ವಂಚನೆಯ ಮೊಕದ್ದಮೆಯಲ್ಲಿ ತಾನು ಅದರ ಅಂಚು ಕತ್ತರಿಸಿದ್ದೆನೆಂದು 2013ರಲ್ಲಿ ಒಪ್ಪಿಕೊಂಡ.

ಈಗ ಬೇಸ್‌ಬಾಲ್ ಸಂಶೋಧಕರ ಸಂಘ ‘ಸೇಬರ್’ನಲ್ಲಿ ಕಾರ್ಡುಗಳಿಗೇ ಒಂದು ಸಮಿತಿಯಿದೆ, ಬರ್ಡಿಕ್ ಹೆಸರಿನ ಪ್ರಶಸ್ತಿಯೂ ಇದೆ. ಕವಿ ಕಾರ್ಲ್ ಸ್ಯಾಂಡ್‌ಬರ್ಗ್ 1954ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟ ಬೆಂಜಮಿನ್ ಎಡ್ವರ್ಡ್ಸ್ ಸಂಗ್ರಹದ 2,100 ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಬರ್ಡಿಕ್ ಕೊಟ್ಟ ಕಾರ್ಡುಗಳನ್ನು ಸರದಿಯ ಮೇಲೆ ಪ್ರದರ್ಶನಕ್ಕಿಡುತ್ತಾರೆ. ನ್ಯೂಯಾರ್ಕಿನಲ್ಲಿರುವ, ಅಲ್ಲಿಗೆ ಹೋಗಿಬರುವ ಕನ್ನಡಿಗರು ಈಜಿಪ್ಟಿನ ಮಮ್ಮಿಗಳನ್ನು ನೋಡಿದ ಮೇಲೆ ಅರ್ಧ ಗಂಟೆ ಉಳಿದರೆ ಅತ್ತಲೂ ಹೋಗಿಬರಲಿ.